ಸೋಮವಾರದಿಂದ ಗುರುವಾರದವರೆಗೆ

ನಲವತ್ತೊಂದು ವರ್ಷಗಳ ಹಿಂದೆ, ಒಂದು ಹಳ್ಳದ ನೀರು ತನ್ನ ತಳಕ್ಕಿಂತ ಹನ್ನೊಂದು ಅಂಗುಲ ಕೆಳಗೆ ಹರಿಯುತ್ತಿದ್ದುದನ್ನು ನಾವು ಮೂವರು ಸೇರಿ ನಿಲ್ಲಿಸಿದೆವು. ಈ ವಾಕ್ಯವನ್ನು ಹೀಗೆ ಬರೆಯುವ ಹಕ್ಕು ನನಗಿದೆ ಎಂದು ಭಾವಿಸುತ್ತೇನೆ. ಹದಿನಾಲ್ಕು ತಿಂಗಳ ದುಡಿಮೆಯಿಂದ ಸಂಪಾದಿಸಿದ ಹಕ್ಕು ಅದು.

ಹಳ್ಳ ಹಾಗೆ ಹರಿದದ್ದು ನೆಲದ ಮೇಲಲ್ಲ, ಧಾರವಾಡದ ನಮ್ಮ ಗಣಕದ ಕೋಣೆಯ ಪರದೆಯ ಮೇಲೆ. ಮೂರು ದಿನ ಒಣಗಿ ಬಿದ್ದಿದ್ದ ಹಳ್ಳಕ್ಕೆ ನಾಲ್ಕನೆಯ ದಿನ ಒಂಬತ್ತು ಅಡಿ ನೀರು ಬಂದಿತ್ತು. ಅಳತೆಗೋಲು ದಿನಕ್ಕೊಮ್ಮೆ ಮಾತ್ರ ಅಂಕಿ ಕಳಿಸುತ್ತಿತ್ತು. ನಡುವಣ ಹೊತ್ತನ್ನು ಲೆಕ್ಕದಿಂದ ತುಂಬಿಕೊಳ್ಳಬೇಕಾಗಿತ್ತು. ಗೊತ್ತಿರುವ ಎರಡು ಬಿಂದುಗಳ ನಡುವೆ ಗೊತ್ತಿಲ್ಲದ್ದನ್ನು ಹೀಗೆ ತುಂಬುವ ಕೆಲಸಕ್ಕೆ ಅಂತರ್ಗಣನೆ ಎಂದು ಹೆಸರು. ಅದಕ್ಕೆ ಎಲ್ಲರೂ ಬಳಸುತ್ತಿದ್ದ ವಿಧಾನ ಸ್ಪ್ಲೈನ್. ಹಿಂದೆ ಹಡಗು ಕಟ್ಟುವವರು ಮೊಳೆಗಳ ನಡುವೆ ಬಾಗಿಸುತ್ತಿದ್ದ ತೆಳುವಾದ ಮರದ ಪಟ್ಟಿಯಿಂದ ಬಂದ ಹೆಸರು ಅದು. ಅದು ಎಳೆಯುವ ಗೆರೆ ಎಲ್ಲಿಯೂ ಮುರಿಯುವುದಿಲ್ಲ, ಎಲ್ಲಿಯೂ ಮೂಲೆ ಬೀಳುವುದಿಲ್ಲ. ನೋಡಿದವರ ಕಣ್ಣು ತಣಿಯುತ್ತದೆ. ಆದರೆ ಮುಂದೆ ಒಂಬತ್ತು ಅಡಿ ಏರಬೇಕಾದ ಗೆರೆ ನಯವಾಗಿ ಏರುವ ಆಸೆಯಿಂದ ಮೊದಲು ಕೆಳಕ್ಕೆ ಬಾಗಿ, ಹಳ್ಳದ ತಳವನ್ನೂ ತೂರಿಕೊಂಡು ಹೋಗಿತ್ತು. ಇಲ್ಲದ ನೀರಿಗಿಂತಲೂ ಕಡಿಮೆ ನೀರು!

ನಾವು ಕಟ್ಟಿದ ಪ್ರೋಗ್ರಾಮುಗಳ ಲೈಬ್ರರಿಗೆ ಗಣಕಭಂಡಾರ ಎಂದು ಹೆಸರಿಟ್ಟಿದ್ದೆವು. ಅದರಲ್ಲಿ ಎರಡು ಹೊಸ ಸಂಗತಿಗಳನ್ನು ಸೇರಿಸಿದೆವು. ಮೊದಲನೆಯದು ಮಿತವಕ್ರ: ಗೊತ್ತಿರುವ ಎರಡು ಅಂಕಿಗಳ ಎಲ್ಲೆಯನ್ನು ಎಂದೂ ಮೀರದ ಗೆರೆ. ಇಂಥದು ಬೇರೆ ದೇಶಗಳಲ್ಲಿ ಮೊದಲೇ ಇತ್ತು. ಸಾವಿರಾರು ಅಂಕಿಗಳ ಮೇಲೆ ಏಕಕಾಲಕ್ಕೆ ನಡೆಯುವಂತೆ ಅದನ್ನು ಪಳಗಿಸಿದ್ದು ನಮ್ಮ ಸಾಧನೆ. ಎರಡನೆಯದು ನನ್ನೊಬ್ಬನದು, ನನಗೆ ಹೆಚ್ಚು ಅಭಿಮಾನದ್ದು. ಎರಡು ಬಿಂದುಗಳ ನಡುವಣ ಅಂತರ ಒಂದು ಮಿತಿಯನ್ನು ದಾಟಿದರೆ ಯಂತ್ರ ತುಂಬುವುದಕ್ಕೆ ನಿರಾಕರಿಸಬೇಕು. ಆ ಜಾಗವನ್ನು ಖಾಲಿ ಬಿಡಬೇಕು. ತನಗೆ ತಿಳಿಯದ್ದನ್ನು ತಿಳಿಯದೆಂದು ಹೇಳುವ ಮರ್ಯಾದೆಯನ್ನು ನಾನು ಒಂದು ಯಂತ್ರಕ್ಕೆ ಕಲಿಸಿದ್ದೆ. ಮುಂದಿನ ಮೂವತ್ತು ವರ್ಷ ಅದನ್ನೇ ವಿದ್ಯಾರ್ಥಿಗಳಿಗೂ ಕಲಿಸಿದೆ.

ಆ ಭಂಡಾರ ಒಂದು ದಿನ ಮನುಷ್ಯರ ತಲೆಯೊಳಗೆ ಕೆಲಸ ಮಾಡುತ್ತದೆಂದು ಆಗ ನಾವಾರೂ ಎಣಿಸಿರಲಿಲ್ಲ.

ಸ್ಮೃತಿಪಟ್ಟಿ ಬಂದದ್ದು ಮಿದುಳುಜ್ವರ ಹಬ್ಬತೊಡಗಿದ ತರುವಾಯ. ಜ್ವರದಿಂದ ಬದುಕಿ ಉಳಿದವರಲ್ಲಿ ಬಹಳ ಮಂದಿಗೆ ಹೊಸ ನೆನಪು ಅರ್ಧ ಗಂಟೆಗಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಕಿವಿಯ ಹಿಂದೆ ಅಂಟಿಕೊಂಡು ಕೂರುವ ಎರಡು ಬೆರಳಗಲದ ಈ ಪಟ್ಟಿ ನಾಲ್ಕು ನಿಮಿಷಕ್ಕೊಮ್ಮೆ ಮಿದುಳಿನಿಂದ ಒಂದು ಮಾದರಿ ತೆಗೆಯುತ್ತದೆ: ಸುಮಾರು ಹನ್ನೆರಡು ಸಾವಿರ ಅಂಕಿಗಳು. ನೆನೆಯಬೇಕಾದಾಗ ಅವನ್ನೇ ಮರಳಿ ಒಪ್ಪಿಸುತ್ತದೆ. ಮಾದರಿಗಳ ನಡುವಣ ನಾಲ್ಕು ನಿಮಿಷವನ್ನು ನಮ್ಮ ಭಂಡಾರದ ಗೆರೆಗಳು ತುಂಬುತ್ತವೆ. ಪಟ್ಟಿಗೆ ಮುಖ ಗೊತ್ತಿಲ್ಲ, ಮಾತು ಗೊತ್ತಿಲ್ಲ. ಅದು ಕೊಡುವುದು ಬೆಚ್ಚಗೆ, ತಣ್ಣಗೆ, ಹತ್ತಿರ, ದೂರ ಎಂಬಂಥ ಅಳತೆಗಳ ಮೊತ್ತವನ್ನು ಮಾತ್ರ. ಅದಕ್ಕೆ ಸೀರೆ ಉಡಿಸಿ, ಮಾತು ಕೊಟ್ಟು, ಬಾಗಿಲಲ್ಲಿ ನಿಲ್ಲಿಸುವುದು ಮಿದುಳು.

ನಾಲ್ಕು ನಿಮಿಷದ ಮಟ್ಟಿಗೆ ಇದರಿಂದ ಯಾರಿಗೂ ಕೇಡಾಗಲಿಲ್ಲ. ಆದರೆ ಪಟ್ಟಿ ಕಳಚುವುದುಂಟು, ಕೆಡುವುದುಂಟು. ನನ್ನ ನಿಯಮದಂತೆ ಅಂಥ ಹೊತ್ತು ಖಾಲಿಯಾಗಿ ಉಳಿಯುತ್ತಿತ್ತು. ಆ ಖಾಲಿಯನ್ನು ಜನ ತಾಳಲಾರದೆ ಹೋದರು. 'ಅಲ್ಲಿ ಏನಾತು?' ಎಂದು ದಿನವಿಡೀ ಕೇಳುವ ತಂದೆಯನ್ನು, ತಂಗಿಯನ್ನು ಮನೆಯವರೂ ತಾಳಲಾರದೆ ಹೋದರು. ದೂರುಗಳು ಬಂದವು, ಸಮಿತಿಗಳು ಕೂತವು. ಕೊನೆಗೆ ಮಿತಿ ದಾಟಿದ ಅಂತರವನ್ನು ಖಾಲಿ ಬಿಡಬೇಕೋ ತುಂಬಬೇಕೋ ಎಂಬುದನ್ನು ಮನೆಯವರ ಇಚ್ಛೆಗೆ ಬಿಟ್ಟರು; ತುಂಬುವುದಾದರೆ ನೆನಪು ಎಲ್ಲೂ ಮುರಿಯದಂತೆ ಸ್ಪ್ಲೈನಿನಿಂದಲೇ ತುಂಬಬೇಕೆಂದರು. ನಾನು ಭಿನ್ನಮತದ ಟಿಪ್ಪಣಿ ಬರೆದು ನಿವೃತ್ತನಾದೆ. ನಮ್ಮ ಊರಿನ ಜನ ಇದಕ್ಕೂ ಹೊಂದಿಕೊಂಡರು. ಯಾರಾದರೂ ರಸವತ್ತಾಗಿ ಏನನ್ನಾದರೂ ಹೇಳಿದರೆ, ಪಟ್ಟಿ ಇದ್ದವರಿರಲಿ ಇಲ್ಲದವರಿರಲಿ, 'ಇದು ಅಳತಿದ್ದೋ, ತುಂಬಿದ್ದೋ?' ಎಂದು ಕೇಳುವುದು ಧಾರವಾಡದಲ್ಲಿ ರೂಢಿಯಾಯಿತು. ನಮ್ಮ ಓಣಿಯ ನಿವೃತ್ತ ಮಾಸ್ತರರೊಬ್ಬರು ಎಂದೂ ನಡೆಯದ ತಮ್ಮ ಸನ್ಮಾನ ಸಮಾರಂಭವನ್ನು ಕಣ್ಣಲ್ಲಿ ನೀರು ತುಂಬಿಕೊಂಡು ವರ್ಣಿಸುತ್ತಾರೆ. ಎದುರು ಕೂತವರು ಹೂಂಗುಟ್ಟುತ್ತಾರೆ.

ನನ್ನ ಮೊಮ್ಮಗಳು ಶಾಲ್ಮಲೆಗೆ ಜ್ವರ ಬಂದಾಗ ಹದಿನೇಳು ವರ್ಷ, ಈಗ ಇಪ್ಪತ್ತು. ಅವಳ ತಾಯಿ ಇಂದುಮತಿ, ನನ್ನ ಒಬ್ಬಳೇ ಮಗಳು, ರೈಲ್ವೆಯಲ್ಲಿ ಸಿಗ್ನಲ್ ಇನ್‌ಸ್ಪೆಕ್ಟರ್. ಲೋಂಡಾ, ಕ್ಯಾಸಲ್‌ರಾಕ್ ಎಂದು ವಾರಕ್ಕೊಮ್ಮೆಯಾದರೂ ಹೊರಗಿನ ಡ್ಯೂಟಿ. ಅಳಿಯ ರುದ್ರಮುನಿ ಹೈಸ್ಕೂಲಿನ ಚಿತ್ರಕಲಾ ಶಿಕ್ಷಕ. ಕೆಲಗೇರಿಯ ಕೆರೆಯ ಬದಿಯ ಮನೆಯಲ್ಲಿ ನಾವು ನಾಲ್ವರು. ಮೂರು ತಿಂಗಳಿಂದ ಮೂವರು.

ಆ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಶಾಲ್ಮಲೆ ಅಲಮಾರಿಯಿಂದ ತಾಯಿಯ ಸೀರೆಗಳನ್ನೆಲ್ಲ ಹೊರಗೆ ಹಾಕಿ ಗಂಟು ಕಟ್ಟುತ್ತಿದ್ದಳು.

"ಏನ್ ನಡಸಿಯವಾ?" ಎಂದೆ.

"ಪಾತ್ರೆ ತಿಕ್ಕೋ ಯಲ್ಲವ್ವಗ ಕೊಡ್ತೇನಿ. ಉಡೋರಿಗರ ಆಗ್ತಾವು."

ರುದ್ರಮುನಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಅವ್ವನ್ನ ಕೇಳದ..." ಎಂದು ಶುರುಮಾಡಿದ.

"ಎಲ್ಲಿಂದ ಕೇಳ್ಲೆಪ್ಪಾ? ಫೋನ್ ಹಚ್ಚಿದ್ರ ಸ್ವಿಚ್ ಆಫ್. ಮೂರು ತಿಂಗಳಾತು. ಹೋಗೂ ಮುಂದ ಏನ್ ಅಕ್ಕರತಿ! ಮಂಗಳವಾರ ದಿನಾ ಪೂರಾ ನನ್ನ ಬಿಟ್ಟು ಕದಲಿಲ್ಲ. ಹೋಳಿಗಿ ಮಾಡಿ ತನ್ನ ಕೈಯಾರ ತಿನಿಸಿದ್ಲು. ಅಷ್ಟು ಖುಷಿಯಾಗಿ ನಾ ಅಕಿನ್ನ ಎಂದೂ ನೋಡಿದ್ದಿಲ್ಲ. ಬುಧವಾರ ಬ್ಯಾಗ್ ತಗೊಂಡು ಹೊಂಟ್ಲು, ಬಾಗಲದಾಗ ಹಿಂದ ಹೊಳ್ಳಿ ಸತೇಕ ನೋಡ್ಲಿಲ್ಲ. ಈಗ ತಿಳಿತೈತಿ, ಆ ಖುಷಿ ಯಾತಕ್ಕಂತ. ಈ ತಲಿಕೆಟ್ಟ ಮಗಳ ಚಾಕರಿ ತಪ್ಪಿತಲ್ಲ."

"ಶಾಲೂ!" ಎಂದು ಗದರಿದೆ.

"ಖರೆ ಹೇಳಿದ್ರ ಸಿಟ್ಟು ನಿಮಗ. ನಮ್ಮವ್ವಗ ನಾ ಬ್ಯಾಡಾದೆ. ನನಗೂ ಅಕಿ ಬ್ಯಾಡ."

ಗಂಟನ್ನು ಎಳೆದುಕೊಂಡು ಹಿತ್ತಿಲಿಗೆ ಹೋದಳು.

ಇಂದುಮತಿ ಯಾವ ಡ್ಯೂಟಿಗೂ ಹೋಗಿರಲಿಲ್ಲ. ಆ ಸೋಮವಾರ ಬೆಳಿಗ್ಗೆ ಹತ್ತು ಹೊಡೆದ ಕೂಡಲೇ, ಮಗಳಿಗೆ ಹೆರಳು ಹಾಕಿ ಎದ್ದವಳು ಅಡಿಗೆಮನೆಯ ಹೊಸ್ತಿಲಲ್ಲಿ ಕುಸಿದಳು. ತಲೆಯೊಳಗೆ ರಕ್ತನಾಳ ಒಡೆದಿತ್ತು. ಆಸ್ಪತ್ರೆಯಲ್ಲಿ ದೊಡ್ಡ ಅಯಸ್ಕಾಂತದ ಯಂತ್ರದ ಕೋಣೆಗೆ ಲೋಹ ಒಯ್ಯಬಾರದೆಂದು, ತಾಯಿಯೊಡನೆ ಒಳಗೆ ಹೊರಟ ಶಾಲ್ಮಲೆಯ ಪಟ್ಟಿಯನ್ನು ಬಿಚ್ಚಿಸಿದರು. ತಾಸಿಗೊಮ್ಮೆ ಮಾತ್ರ ಮಾದರಿಗಳನ್ನು ಗಟ್ಟಿ ಮಾಡಿಕೊಳ್ಳುವ ಪಟ್ಟಿಯಲ್ಲಿ ಹತ್ತರ ನಂತರದ್ದೇನೂ ಉಳಿಯಲಿಲ್ಲ. ಹೊರಗೆ ನಿಂತ ನಾನು ಅದನ್ನು ನನ್ನ ಅಂಗಿಯ ಜೇಬಿಗೆ ಹಾಕಿಕೊಂಡೆ. ಮರಳಿ ತೊಡಿಸಬೇಕೆಂಬುದು ಯಾರಿಗೂ ಹೊಳೆಯಲಿಲ್ಲ. ಇಂದುಮತಿ ಬುಧವಾರ ತೀರಿಕೊಂಡಳು. ಗುರುವಾರ ಮಣ್ಣು ಕೊಟ್ಟೆವು. ಆ ಸಂಜೆ ಜೇಬಿಗೆ ಕೈ ಹಾಕಿದಾಗ ಪಟ್ಟಿ ಸಿಕ್ಕಿತು.

ಸೀರೆಯ ಗಂಟನ್ನು ಯಲ್ಲವ್ವ ಒಯ್ದ ಮರುದಿನ ನಾನು ನವನಗರದ ಸ್ಮೃತಿಕೇಂದ್ರಕ್ಕೆ ಹೋದೆ.

ಕೇಂದ್ರದ ನಿಯಂತ್ರಣ ಕೋಣೆ ತಂಪಾಗಿತ್ತು, ಗೋಡೆಯುದ್ದಕ್ಕೂ ಪರದೆಗಳು. ಮೇಲ್ವಿಚಾರಕಿ ಅನಸೂಯಾ ತಳವಾರ ಎದ್ದು ನಿಂತು ಕೈ ಮುಗಿದಳು. ಮೂರು ತಿಂಗಳ ಹಿಂದಿನ ಗುರುವಾರ ಸಂಜೆ ಫೋನಿನಲ್ಲಿ ನನ್ನೊಡನೆ ಮಾತಾಡಿದವಳು ಅವಳೇ.

"ಕೂಡ್ರಿ ಸರ. ನಿಮ್ಮ ಪುಸ್ತಕ ಓದಿನ ನಾವು ಪಾಸಾದವ್ರು. ಆರನೇ ಅಧ್ಯಾಯ ಬಾಯಿಪಾಠ ನನಗ: ಖಾಲಿಯನ್ನು ಗೌರವಿಸಿ."

ಆ ಮಾತಿನಲ್ಲಿ ಚುಚ್ಚಿತ್ತೋ ಇಲ್ಲವೋ ನಾನು ಹೇಳಲಾರೆ. ನನಗೆ ಮಾತ್ರ ಚುಚ್ಚಿತು. ಏಕೆಂದರೆ ಆ ಗುರುವಾರ ಅವಳು, "ಸರ, ನಾಲ್ಕು ದಿನದ ಅಂತರ ಐತಿ. ಖಾಲಿ ಬಿಡೂದೋ, ತುಂಬೂದೋ?" ಎಂದು ಎರಡು ಸಲ ಕೇಳಿದ್ದಳು. ಒಳಗಿನ ಕೋಣೆಯಲ್ಲಿ ಶಾಲ್ಮಲೆ, ಮಂಡಿಗೆ ಹತ್ತಿದ ಮಣ್ಣನ್ನು ನೋಡಿಕೊಳ್ಳುತ್ತ, "ಅಜ್ಜಾ, ಇದೆಲ್ಲಿಂದ ಹತ್ತಿತು? ಅವ್ವ ಎಲ್ಲಿ?" ಎಂದು ಕೂಗುತ್ತಿದ್ದಳು. ಆ ದಿನ ಆ ಪ್ರಶ್ನೆಯನ್ನು ಆಗಲೇ ಒಂಬತ್ತು ಸಲ ಕೇಳಿದ್ದಳು, ಒಂಬತ್ತು ಸಲ ಹೊಸದಾಗಿ ಅತ್ತಿದ್ದಳು. ಹತ್ತನೆಯ ಸಲಕ್ಕೆ ನನ್ನಲ್ಲಿ ಶಕ್ತಿ ಇರಲಿಲ್ಲ. ನಲವತ್ತು ವರ್ಷ ಖಾಲಿಯ ಪರವಾಗಿ ವಾದಿಸಿದ ಗುರುಪಾದಪ್ಪ ಮಾಸೂರ ಎಂಬ ಮನುಷ್ಯ, "ತುಂಬವಾ" ಎಂದ. ತುಂಬಿದ ಮೇಲೆ ಅವಳು ತಾಯಿಯನ್ನು ಕೇಳಲಿಲ್ಲ. ಡ್ಯೂಟಿಗೆ ಹೋಗಿದ್ದಾಳೆಂದು ತಾನೇ ತಿಳಿದುಕೊಂಡಿದ್ದಳು. ಮನೆಯವರು ಹೌದೆಂದೆವು. ನೆರೆಯವರಿಗೆ ಬಾಯಿ ಬಿಡಬೇಡಿರೆಂದು ಕೈಮುಗಿದೆವು. ಇಂದುಮತಿಯ ಭಾವಚಿತ್ರಕ್ಕೆ ಮಾಲೆ ಹಾಕಲಿಲ್ಲ.

ಅನಸೂಯಾ ಶಾಲ್ಮಲೆಯ ಗೆರೆಗಳನ್ನು ಪರದೆಗೆ ತಂದಳು. ಸೋಮವಾರ ಹತ್ತು ಗಂಟೆಯವರೆಗೆ ಅಳತೆಯ ಚುಕ್ಕೆಗಳು ಒತ್ತೊತ್ತಾಗಿದ್ದವು. ಹೆರಳು ಹಾಕಿಸಿಕೊಳ್ಳುವ ಸುಖ, ತಾಯಿಯ ಯಾವುದೋ ಚೇಷ್ಟೆ, ಗೆರೆ ಮೇಲೇರುತ್ತಿತ್ತು. ಆಮೇಲೆ ಚುಕ್ಕೆಗಳಿಲ್ಲ. ಗುರುವಾರ ಸಂಜೆಯಿಂದ ಮತ್ತೆ ಚುಕ್ಕೆಗಳು, ಬಹಳ ಕೆಳಗೆ. ನಡುವೆ ಸ್ಪ್ಲೈನ್ ತನ್ನ ಸ್ವಭಾವದಂತೆ ನಡೆದುಕೊಂಡಿತ್ತು. ಏರುತ್ತಿದ್ದುದನ್ನು ಏರುತ್ತಲೇ ಬಿಟ್ಟು, ಮಂಗಳವಾರ ಯಾವ ಅಳತೆಯೂ ಮುಟ್ಟದ ಎತ್ತರಕ್ಕೆ ಒಯ್ದು, ಅಲ್ಲಿಂದ ನಯವಾಗಿ ಇಳಿಸಿ ತಂದಿತ್ತು. ಹೋಳಿಗೆ ತಿನಿಸಿದ ತಾಯಿ ಆ ಎತ್ತರದಲ್ಲಿ ಹುಟ್ಟಿದ್ದಳು. ಹಿಂದಿರುಗಿ ನೋಡದೆ ಹೋದ ತಾಯಿ ಆ ಇಳಿಜಾರಿನಲ್ಲಿ.

"ಬುಧವಾರಕ್ಕೊಂದು ಸಾಕ್ಷಿಬಿಂದು ಸೇರಿಸಿದ್ರ?" ಎಂದೆ. "ಖರೇದೊಂದು ಅಂಕಿ."

"ನೋಡ್ರಿ," ಎಂದು ಸೇರಿಸಿ ತೋರಿಸಿದಳು. ಸ್ಪ್ಲೈನಿನಲ್ಲಿ ಒಂದು ಮೊಳೆಯನ್ನು ಅಲುಗಿಸಿದರೆ ಇಡೀ ಮರದ ಪಟ್ಟಿ ಅಲುಗುತ್ತದೆ. ಬುಧವಾರದ ಸಾವು ಸೋಮವಾರದ ಹೆರಳಿನ ಬೆಳಗಿನೊಳಗೂ ಹೊಕ್ಕು, ಚುಕ್ಕೆಗಳ ನಡುವಣ ಆ ನಾಲ್ಕು ನಾಲ್ಕು ನಿಮಿಷಗಳನ್ನೆಲ್ಲ ನಡುಗಿಸಿತು.

ಆಗ ನಾನು, ಒಪ್ಪಿಕೊಳ್ಳುತ್ತೇನೆ, ಸ್ವಲ್ಪ ಗತ್ತಿನಿಂದಲೇ ಹೇಳಿದೆ: "ಮಿತವಕ್ರ ಹಾಕು."

ಹಾಕಿದಳು. ಸೋಮವಾರ ಅಲುಗಲಿಲ್ಲ. ಗೆರೆ ಎಲ್ಲೆ ಮೀರಲಿಲ್ಲ. ಸೋಮವಾರದ ಎತ್ತರದಿಂದ ಗುರುವಾರದ ತಗ್ಗಿಗೆ ಒಂದೇ ಸಮನೆ, ಅತ್ಯಂತ ಶಿಸ್ತಿನಿಂದ ಇಳಿಯಿತು. ಅನಸೂಯಾ ಆ ಇಳಿಜಾರಿನ ಮೇಲೆ ಬೆರಳಾಡಿಸಿದಳು.

"ಸರ, ತಪ್ಪು ತಿಳ್ಕೋಬ್ಯಾಡ್ರಿ. ಇದನ್ನ ಅಕಿ ಮಿದುಳಿಗೆ ಕೊಟ್ಟ್ರ, ತಾಯಿ ತಾಸು ತಾಸಿಗೆ ಮಗಳ ಮ್ಯಾಲಿನ ಪ್ರೀತಿ ಕಮ್ಮಿ ಮಾಡ್ಕೋತ ಹೋದ್ಲು ಅಂತ ತಿಳೀತೈತಿ. ಮೊದಲಿಂದಽ ಛೊಲೋ ಇತ್ತು."

ಹದಿನಾಲ್ಕು ತಿಂಗಳು ದುಡಿದು ಪಡೆದ ಗೆರೆ ಅದು. ಒಂದು ಅಂಕಿಯಲ್ಲೂ ತಪ್ಪಿರಲಿಲ್ಲ. ನಾನು ತಲೆ ತಗ್ಗಿಸಿದೆ.

"ಹಂಗಾದ್ರ ಅಳಿಸಬೇಕು," ಎಂದೆ. "ಖಾಲಿ ಮಾಡಬೇಕು. ಖರೇದು ಬಾಯಿಲೆ ಹೇಳಬೇಕು."

"ಕಾಯ್ದೆ ಗೊತ್ತೈತಲ್ರೀ? ಒಮ್ಮಿ ತುಂಬಿದ್ದನ್ನ ಅಳಿಸಾಕ ಮನಿಯವ್ರ ಮಾತು ಸಾಲೂದಿಲ್ಲ. ಪಟ್ಟಿ ಹಾಕ್ಕೊಂಡವ್ರಽ ಒಪ್ಪಬೇಕು. ಪಟ್ಟಿ ಓದಬೇಕು, ಬರೀಬಾರದು. ಹಂಗಿಟ್ಟು ಎಲ್ಲಾ ತಿಳಿಸಿ ಹೇಳಬೇಕು. ಮೂರು ದಿನ ಬಿಡದ ಹೂಂ ಅನ್ನಬೇಕು. ಒಂದು ದಿನ ಒಲ್ಲೆ ಅಂದ್ರ, ವಾರ ಬಿಟ್ಟು ಮತ್ತ ಮೊದಲಿಂದ."

ಆ ನಿಯಮದ ಹಿಂದಿನ ವಿವೇಕವನ್ನು ನಾನು ಬಲ್ಲೆ. ಒಂದು ಗಳಿಗೆಯ ಆವೇಶದಲ್ಲಿ ಯಾರೂ ತಮ್ಮ ನೆನಪನ್ನು ಅಳಿಸಿಕೊಳ್ಳಬಾರದು. ಹೇಳಿದ್ದು ಪಟ್ಟಿಯಲ್ಲಿ ಬರೆದುಹೋದರೆ, ಮರುದಿನ ಹೊಸ ಮನಸ್ಸಿನಿಂದ ಒಲ್ಲೆ ಎನ್ನುವ ಸ್ವಾತಂತ್ರ್ಯ ಇರುವುದಿಲ್ಲ. ಆದರೆ ಅದರ ಅರ್ಥ ಇಷ್ಟೇ: ತಾಯಿ ಸತ್ತಳೆಂಬುದನ್ನು ನನ್ನ ಮೊಮ್ಮಗಳು ಕಡಿಮೆಯೆಂದರೆ ಮೂರು ಸಲ, ಮೂರೂ ಸಲ ಮೊದಲ ಸಲವೆಂಬಂತೆ, ಕೇಳಬೇಕು.

ಮನೆಗೆ ಬಂದು ಇದನ್ನು ಹೇಳಿದೊಡನೆ ರುದ್ರಮುನಿ ಎದ್ದು ನಿಂತ. ನನ್ನೆದುರು ಎಂದೂ ದನಿ ಏರಿಸದವನು.

"ಬ್ಯಾಡ್ರಿ ಮಾವಾರ. ಕೈ ಮುಗೀತೇನಿ. ಸಿಟ್ಟಿಗೇಳ್ತಾಳ, ಬಯ್ತಾಳ, ಬಯ್ಯಲಿ. ಬಯ್ಯಾಕರ ಅಕಿಗೆ ಒಬ್ಬಾಕಿ ಅವ್ವ ಅದಾಳ. ನನಗದೂ ಇಲ್ಲ."

"ಇಲ್ಲದಾಕಿ ಮ್ಯಾಲ ಸುಳ್ಳು ಹೊರಿಸಿ ಕುಂತೇವಲ್ಲೋ ರುದ್ರಮುನಿ. ನನ್ನ ಮಗಳು ಹೊಳ್ಳಿ ನೋಡದ ಹೋಗಾಕ್ಯಾ?"

"ಇಂದುಮತಿ ನನ್ನ ಕೂಡ ಇಪ್ಪತ್ತೆರಡು ವರ್ಷ ಬಾಳೇ ಮಾಡ್ಯಾಳ್ರಿ. ಅಕಿನ್ನ ಕೇಳಿದ್ರ, ನನ್ನ ಹೆಸರು ಕೆಟ್ಟರ ಕೆಡ್ಲಿ, ಹುಡುಗಿ ಅಳಬಾರದು ಅಂತಿದ್ಲು."

ಅದು ನಿಜವಿರಬಹುದು. ಇಂದುಮತಿ ಹಾಗೆಯೇ ಅನ್ನುವವಳು. ಅವನೇ ಮತ್ತೆ ಮೆಲ್ಲಗೆ ಅಂದ: "ಆದ್ರ ನಿನ್ನೆ ಆ ಸೀರಿ ಗಂಟು ಕಟ್ಟೂದು ನೋಡಿದೆ. ಅದು ನಮ್ಮ ಶಾಲೂನ ಕೈ ಅಲ್ಲ ಅನಿಸ್ತು. ನೀವು ಹೇಳ್ರಿ. ನನ್ನ ಕೈಲಾಗೂದಿಲ್ಲ, ನಾ ಹೊರಗ ಕಟ್ಟೀಮ್ಯಾಲ ಕೂಡ್ತೇನಿ."

ಮೊದಲ ದಿನ ಮೂರು ಗಂಟೆಗೆ ಶಾಲ್ಮಲೆಯನ್ನು ಎದುರು ಕೂಡಿಸಿಕೊಂಡು ಪಟ್ಟಿಯ ಗುಂಡಿಯನ್ನು ಬರೆಯದ ಕಡೆಗೆ ಸರಿಸಿದೆ. ಹೇಗೆ ಹೇಳಿದೆನೋ ತಿಳಿಯದು. ತಡವರಿಸಿದೆ, ಹಿಂದುಮುಂದಾಗಿ ಹೇಳಿದೆ, ನಡುವೆ ಎದ್ದು ನೀರು ಕುಡಿದೆ. ಅವಳ ಅಳು ಕಟ್ಟೆಯವರೆಗೆ ಕೇಳಿಸಿತು. ಕೊನೆಗೆ ಫೋನಿನ ಪರದೆಯಲ್ಲಿದ್ದ ಅನಸೂಯಾಳಿಗೆ, "ಹೂಂ. ಅಳಸ್ರಿ," ಎಂದಳು. ಅರ್ಧ ಗಂಟೆ ಕಳೆಯಿತು. ಮುಖ ತೊಳೆದುಕೊಂಡು ಬಂದವಳು, ಕಣ್ಣೇಕೆ ಉರಿಯುತ್ತಿದೆಯೆಂದು ತಿಳಿಯದೆ ಉಜ್ಜಿಕೊಳ್ಳುತ್ತ, "ಅಜ್ಜಾ, ಅವ್ವಂದೇನರ ಫೋನ್ ಬಂದಿತ್ತೇನು? ಬಂದಿರೂದಿಲ್ಲ ಬಿಡು," ಎಂದಳು.

ಎರಡನೆಯ ದಿನ ನಾನು ಸಿದ್ಧನಾಗಿ ಹೋದೆ. ಅದೇ ತಪ್ಪಾಯಿತು. ಹಿಂದಿನ ದಿನದ ಅಳು ಮತ್ತೊಮ್ಮೆ ಕೇಳಬಾರದೆಂದು ಮಾತುಗಳನ್ನು ಮೊದಲೇ ಜೋಡಿಸಿಕೊಂಡಿದ್ದೆ. ಗದ್ಯ ಕಟ್ಟುವುದು ನನಗೆ ಬಾಲ್ಯದಿಂದ ಬಂದ ವಿದ್ಯೆ. ನಿನ್ನ ತಾಯಿ ನೋವಿಲ್ಲದೆ, ನಿದ್ರಿಸಿದಂತೆ, ನಿನ್ನನ್ನು ಹರಸುತ್ತ ತೀರಿಕೊಂಡಳೆಂದು ಹೇಳಿದೆ. ಶಾಲ್ಮಲೆ ಅಳಲಿಲ್ಲ. ನನ್ನ ಮುಖವನ್ನೇ ದಿಟ್ಟಿಸಿದಳು.

"ಇದು ಅಳತಿದ್ದೋ, ತುಂಬಿದ್ದೋ, ಅಜ್ಜಾ?"

ನನ್ನ ಉತ್ತರಕ್ಕೆ ಅವಳು ಕಾಯಲಿಲ್ಲ.

"ಇಷ್ಟು ಚಂದ ಯಾರೂ ಸಾಯೂದಿಲ್ಲ. ಅವ್ವ ಬಿಟ್ಟು ಹೋದ್ಲು ಅನ್ನೂದನ್ನ ಮುಚ್ಚಾಕ ನೀವು ಕೂಡಿ ಕಟ್ಟೀರಿ ಇದನ್ನ. ಒಲ್ಲೆ. ಅಳಸಬ್ಯಾಡ್ರಿ."

ಪರದೆಯಲ್ಲಿ ಅನಸೂಯಾ ಕಣ್ಣು ತಗ್ಗಿಸಿ ಏನೋ ಬರೆದುಕೊಂಡಳು. ಒಂದು ವಾರ ಕಾದೆವು. ಆ ವಾರವಿಡೀ ನಾನು ನನ್ನ ವಾಕ್ಯಗಳನ್ನು ಒಂದೊಂದಾಗಿ ಒಡೆದೆ.

ಮತ್ತೆ ಮೊದಲನೆಯ ದಿನ, ಒಪ್ಪಿದಳು. ಎರಡನೆಯ ದಿನ, ಒಪ್ಪಿದಳು. ಅಳು ಎರಡು ದಿನವೂ ಹೊಸದೇ. ಮೂರನೆಯ ದಿನ ಮೋಡ ಮುಚ್ಚಿತ್ತು. ಕೆರೆಯ ಮೇಲೆ ಗಾಳಿ ಬೀಸುತ್ತಿತ್ತು. ಫೋನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಗುಂಡಿ ಸರಿಸಿ, ಇದ್ದುದನ್ನು ಇದ್ದಂತೆ ಹೇಳತೊಡಗಿದೆ.

"ಸೋಮವಾರ ನಿಮ್ಮವ್ವ ಹೊಸ್ತಿಲದಾಗ ಬಿದ್ಲು. ಬಾಯಿಗೆ ನೊರಿ ಬಂದಿತ್ತು. ಆಸ್ಪತ್ರಿಯೊಳಗ ನಿನ್ನ ಪಟ್ಟಿ ಬಿಚ್ಚಿದ್ವಿ. ಅದಕ್ಕ ನಿನಗ ಅರ್ಧ ತಾಸಿಗೊಮ್ಮಿ ಎಲ್ಲಾ ಅಳಿಸಿ ಹೋಗತಿತ್ತು. ಮಂಗಳವಾರ ಮುಂಜಾನೆ ಅಕಿಗೆ ಎಚ್ಚರಾತು. ಬಲಗೈ ಏಳತಿದ್ದಿಲ್ಲ, ಮಾತು ತೊದಲತಿತ್ತು. ನೀ ಮಗ್ಗಲದಾಗ ಕುಂತಿದ್ದಿ. ಅರ್ಧ ತಾಸಿಗೊಮ್ಮಿ ಬೆಚ್ಚಿ ಬಿದ್ದು, ಅವ್ವಾ ಏನಾತು ನಿನಗ, ಅಂತಿದ್ದಿ. ಅಕಿ ಪ್ರತೀ ಸಲ ಒಂದಽ ಮಾತು ಹೇಳತಿದ್ಲು."

"ಏನಂತಿದ್ಲು?"

"'ಏನಿಲ್ಲಲೇ ಶಾಲೂ, ಸಿಗ್ನಲ್ ಕೆಂಪು ಬಿದ್ದೈತಿ, ಗಾಡಿ ನಿಂತೈತಿ, ಅಷ್ಟ. ಚಾ ಮಾರಾಂವ ಬಂದ್ರ ನನಗೂ ಒಂದು ಹೇಳು.' ನೀ ನಗತಿದ್ದಿ. ಹದಿನೇಳು ಸಲ ಹೇಳಿದ್ಲು, ಹದಿನೇಳು ಸಲ ನಕ್ಕಿ. ನಾ ಎಣಿಸೇನಿ. ಹತ್ತನೇದಕ್ಕ ಅಕಿ ದನಿ ಸೋತಿತ್ತು. ನಾನಽ ಹೇಳ್ತೇನಿ ಬಿಡು ಅಂದೆ. ಬ್ಯಾಡಪ್ಪಾ, ನೀ ಹೇಳಿದ್ರ ಅಕಿ ನಗೂದಿಲ್ಲ, ಅಂದ್ಲು."

ಶಾಲ್ಮಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಬುಧವಾರ ಅಕಿಗೆ ಮಾತು ಬರ್ಲಿಲ್ಲ. ಉಸಿರು ಗೊರಗೊರ ಅಂತಿತ್ತು. ಕೇಳಾಕ ಆಗತಿದ್ದಿಲ್ಲ. ನೀ ಅಕಿ ಕೂದಲಾ ಬಿಡಿಸಿ ಹೆರಳು ಹಾಕಾಕತ್ತಿದ್ದಿ. ಹನ್ನೊಂದಕ್ಕ ಹತ್ತು ನಿಮಿಷ ಇತ್ತು. ಅಕಿ ಹೋದ್ಲು. ನಿನಗ ತಿಳೀಲಿಲ್ಲ, ಪೂರಾ ಹೆರಳು ಹಾಕಿ ಮುಗಿಸಿದಿ. ನಾ ನಿನ್ನ ತಡೀಲಿಲ್ಲ. ಗುರುವಾರ ಮಣ್ಣು ಕೊಡುವಾಗ ನೀ ಮಂಡಿ ಊರಿ, ಎರಡೂ ಕೈಲೆ ಹಾಕಿದಿ."

ಹೊರಗೆ ಕಟ್ಟೆಯ ಮೇಲೆ ರುದ್ರಮುನಿ ಕೆಮ್ಮಿದ, ಕೆಮ್ಮಿನಂತೆ ಕೇಳಿಸಿತು.

ಶಾಲ್ಮಲೆ ಅತ್ತಳು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಹಿಂದಿನ ನಾಲ್ಕು ಸಲವೂ ಕೇಳದ ಒಂದು ಪ್ರಶ್ನೆಯನ್ನು ಕೇಳಿದಳು.

"ಹಂಗಾದ್ರ ಆ ನಾಲ್ಕು ದಿನ ಖಾಲಿ ಬಿಡಬಹುದಿತ್ತಲ್ಲ. ಅಷ್ಟು ದಿನಾ ನಾ ಅವ್ವನ್ನ ಬೈದೇನಿ. ಅಕಿ ಸೀರಿ ಕೊಟ್ಟೇನಿ. ತುಂಬ್ರಿ ಅಂದಾವ್ರು ಯಾರು?"

ಸಮಿತಿಯ ಹೆಸರು ಹೇಳಬಹುದಿತ್ತು. ಯಂತ್ರದ ರೂಢಿಯೆನ್ನಬಹುದಿತ್ತು. ರುದ್ರಮುನಿ ಅದನ್ನು ತನ್ನ ಮೇಲೆ ಹಾಕಿಕೊಳ್ಳಲು ಸಿದ್ಧನಿದ್ದನೆಂಬುದೂ ನನಗೆ ಗೊತ್ತಿತ್ತು. ಆ ಕ್ಷಣ ಅವಳು ನನ್ನ ಮೇಲಿನ ಸಿಟ್ಟಿನಿಂದ ಒಲ್ಲೆ ಎಂದುಬಿಟ್ಟರೆ, ಮತ್ತೆ ವಾರ ಕಾಯಬೇಕು. ಮತ್ತೆ ಮೂರು ಸಲ ಅವಳ ತಾಯಿಯನ್ನು ಕೊಲ್ಲಬೇಕು. ಎಪ್ಪತ್ತೊಂಬತ್ತು ವರ್ಷದ ನನ್ನಲ್ಲಿ ಅಷ್ಟು ಉಸಿರು ಉಳಿದಿದೆಯೆಂಬ ಭರವಸೆ ನನಗಿರಲಿಲ್ಲ.

"ನಾ," ಎಂದೆ. "ನಾನಽ ಅಂದೆ. ನೀ ಹತ್ತನೇ ಸಲ ಅಳೂದನ್ನ ನನ್ನಿಂದ ನೋಡಾಕ ಆಗಲಿಲ್ಲ. ಅದು ನಿನ್ನ ಸಲುವಾಗಿ ಅಂತ ನನಗ ನಾನಽ ಹೇಳಿಕೊಂಡೆ. ಅಲ್ಲ. ನನ್ನ ಸಲುವಾಗಿ."

ಅವಳು ಎದ್ದು ಕಿಟಕಿಯ ಹತ್ತಿರ ಹೋಗಿ ನನಗೆ ಬೆನ್ನು ಮಾಡಿ ನಿಂತಳು. ಗಡಿಯಾರದಲ್ಲಿ ಮೂರೂಕಾಲು ದಾಟಿತ್ತು. ಗಳಿಗೆ ಕಳೆದಂತೆ ಅವಳ ಅರ್ಧ ಗಂಟೆ ಸವೆಯುತ್ತಿತ್ತು. ಅವಸರಿಸುವ ಹಕ್ಕು ನನಗಿಲ್ಲವೆಂದು ನಾನು ಕೈಕಟ್ಟಿ ಕೂತಿದ್ದೆ.

"ಸುಳ್ಳು ಹೇಳಿದಿ ಅಜ್ಜಾ ನೀ," ಎಂದಳು, ತಿರುಗದೆ. "ಮೂರು ತಿಂಗಳು."

"ಹೌದವಾ."

"ನಿನ್ನ ಕೂಡ ಮಾತು ಬಿಡಬೇಕು ಅನಿಸ್ತೈತಿ. ಆದ್ರ ಅರ್ಧ ತಾಸಿನ್ಯಾಗ ಅದೂ ಮರತು ಹೊಕ್ಕೈತಿ." ಇಷ್ಟು ಹೇಳಿ ತಿರುಗಿದಳು. ಸ್ಟೂಲಿನ ಬಳಿ ಬಂದು ಬಗ್ಗಿ ಪರದೆಯನ್ನು ನೋಡಿದಳು. "ಅಕ್ಕಾರ, ಹೂಂ. ಅಳಸ್ರಿ."

"ಮೂರನೇ ಒಪ್ಪಿಗಿ. ಅಳಸಾಕತ್ತೇನಿ," ಎಂದಿತು ಅನಸೂಯಾಳ ದನಿ.

ಶಾಲ್ಮಲೆ ಒಮ್ಮೆ ತಡವರಿಸಿ ಗೋಡೆ ಹಿಡಿದುಕೊಂಡಳು. ಹೋಳಿಗೆ ತಿನಿಸಿದ ಮಂಗಳವಾರ ಹೋಯಿತು. ಹಿಂದಿರುಗಿ ನೋಡದ ಬುಧವಾರ ಹೋಯಿತು. ಅವು ಇದ್ದ ಕಡೆ ಈಗ ಏನೂ ಇರಲಿಲ್ಲ. ನಿಜವಾದ ಆ ನಾಲ್ಕು ದಿನಗಳು ಇನ್ನು ಯಾವ ವಿಧಾನದಿಂದಲೂ ಅವಳಿಗೆ ಮರಳುವುದಿಲ್ಲ. ಅವಳಿಗೆ ಸಿಗಬಹುದಾದದ್ದು ಇಷ್ಟೇ: ಒಂದು ಮಧ್ಯಾಹ್ನ ಅಜ್ಜನೊಬ್ಬ ಎದುರು ಕೂತು ಹೇಳಿದನೆಂಬ ಒಂದು ಅಳತೆ.

ಸಾವರಿಸಿಕೊಂಡು ಬಂದು ನನ್ನ ಎದುರಿಗೆ, ಮೊದಲಿಗಿಂತ ಹತ್ತಿರ, ಕೂತಳು. ಕಿವಿಯ ಹಿಂದೆ ಕೈಹಾಕಿ ತಾನೇ ಗುಂಡಿಯನ್ನು ಸರಿಸಿದಳು.

"ಈಗ ಬರೀತೈತಿ," ಎಂದಳು. "ನಿನ್ನ ಸುಳ್ಳೂ ಬಿಡಬ್ಯಾಡ, ಆ ಗೊರಗೊರನೂ ಬಿಡಬ್ಯಾಡ. ಅವ್ವ ಬಿದ್ದಲ್ಲಿಂದ ಇನ್ನೊಮ್ಮೆ ಹೇಳಜ್ಜಾ."